ನೀವು ಪಿಟೀಲು ನುಡಿಸಿದರೆ ನಿಮ್ಮ ನಾಯಿ ಊಳಿಡುವುದೇಕೆ?

ಸಂಜೆ ಪಿಟೀಲಿನ ಪೆಟ್ಟಿಗೆ ತೆರೆದು ಶ್ರುತಿ ಸರಿಮಾಡಿಕೊಳ್ಳುತ್ತೀರಿ. ಕಮಾನು ಎಳೆದು ಮೊದಲ ಸ್ವರ ಹೊರಡಿಸುವಷ್ಟರಲ್ಲಿ, ಮೂಲೆಯಲ್ಲಿ ಮಲಗಿದ್ದ ನಾಯಿ ಮೂತಿ ಮೇಲೆತ್ತಿ "ಊ..." ಎಂದು ಶುರುಮಾಡುತ್ತದೆ. ಬೆಕ್ಕು ಸದ್ದಿಲ್ಲದೆ ಎದ್ದು ಅಡುಗೆಮನೆಯತ್ತ ನಡೆಯುತ್ತದೆ. "ನಿನ್ನ ಪಿಟೀಲು ಅವಕ್ಕೂ ಸಹಿಸೋಕೆ ಆಗ್ತಿಲ್ಲ" ಎಂದು ಮನೆಯಲ್ಲಿ ಒಬ್ಬರು ನಗುತ್ತಾರೆ. "ಇಲ್ಲ, ನಾಯಿ ನಿನ್ನ ಜೊತೆ ಹಾಡ್ತಿದೆ" ಎಂದು ಇನ್ನೊಬ್ಬರು ಸಮಾಧಾನ ಹೇಳುತ್ತಾರೆ.

ನಮ್ಮ ಹಳೆಯ ಮಾತುಗಳಲ್ಲೂ ಈ ಎರಡು ಪಕ್ಷಗಳಿವೆ. ಪ್ರಾಣಿಗಳಿಗೆ ಸಂಗೀತ ತಿಳಿಯದು ಎನ್ನುವವರಿಗೆ 'ಕೋಣನ ಮುಂದೆ ಕಿನ್ನರಿ ನುಡಿಸಿದ ಹಾಗೆ' ಎಂಬ ಗಾದೆಯಿದೆ. ಶಿಶು, ಪಶು, ಹಾವುಗಳೂ ಗಾನಕ್ಕೆ ಮನಸೋಲುತ್ತವೆ ಎನ್ನುವ ಸಂಸ್ಕೃತ ಸೂಕ್ತಿಯೂ ಅಷ್ಟೇ ಪ್ರಸಿದ್ಧ. ಇವೆರಡರಲ್ಲಿ ಯಾವುದು ಸರಿ? ವಿಜ್ಞಾನದ ಉತ್ತರ ಎರಡಕ್ಕೂ ಪೂರ್ತಿ ಹೊಂದುವುದಿಲ್ಲ.

ಒಂದೇ ಕೋಣೆ, ಬೇರೆ ಬೇರೆ ಕಿವಿ

ಆರೋಗ್ಯವಂತ ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ. ನಾಯಿಯ ಕಿವಿ ಸುಮಾರು 45,000 ಹರ್ಟ್ಸ್‌ವರೆಗೆ ಗ್ರಹಿಸಬಲ್ಲದು. ಬೆಕ್ಕಿನದು ಇನ್ನೂ ಚುರುಕು: ಸುಮಾರು 85,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ಬೇಟೆಯಾಡುವ ಪ್ರಾಣಿಗೆ ಇಲಿಮರಿಯ ಸಣ್ಣ ಕೀಚಲು ಕೇಳಿಸಬೇಕಲ್ಲ! ಹಕ್ಕಿಗಳ ಕತೆ ಬೇರೆ. ಹೆಚ್ಚಿನ ಹಕ್ಕಿಗಳ ಮೇಲ್ಮಿತಿ 10,000 ಹರ್ಟ್ಸ್ ಆಸುಪಾಸಿನಲ್ಲೇ ಮುಗಿಯುತ್ತದೆ.

ಯಾವುದೇ ವಾದ್ಯದ ಒಂದು ಸ್ವರ ಎಂದರೆ ಒಂದೇ ಕಂಪನಾಂಕದ ಸದ್ದಲ್ಲ. 440 ಹರ್ಟ್ಸ್‌ನ ಸ್ವರ ನುಡಿಸಿದಾಗ 880, 1,320, 1,760 ಹೀಗೆ ಅದರ ಗುಣಕಗಳೂ ಜೊತೆಗೆ ಹೊರಡುತ್ತವೆ. ಪಿಟೀಲಿಗೂ ಕೊಳಲಿಗೂ ಇರುವ ನಾದದ ವ್ಯತ್ಯಾಸಕ್ಕೆ ಈ ಉಪಸ್ವರಗಳೇ ಮುಖ್ಯ ಕಾರಣ. ಸಿಂಬಲ್‌ನಂಥ ಲೋಹದ ವಾದ್ಯಗಳ ಸದ್ದಿನಲ್ಲಂತೂ 20,000 ಹರ್ಟ್ಸ್‌ಗಿಂತ ಮೇಲಿನ ಪಾಲು ಸಾಕಷ್ಟಿರುತ್ತದೆ. ನಮಗೆ ಕೇಳದ ಆ ಭಾಗ ಬೆಕ್ಕಿಗೆ ಕೇಳಿಸುತ್ತದೆ. ಮೊಬೈಲ್‌ನಲ್ಲಿ ಹಾಡು ಹಾಕಿದಾಗ ಸುಮ್ಮನಿರುವ ಪ್ರಾಣಿ, ಎದುರಿಗೆ ಕುಳಿತು ವಾದ್ಯ ನುಡಿಸಿದಾಗ ಚಡಪಡಿಸಲು ಇದೂ ಒಂದು ಕಾರಣವಿರಬಹುದು. ಮೊಬೈಲ್ ಸ್ಪೀಕರುಗಳು ಮನುಷ್ಯನ ಕಿವಿಯ ಅಳತೆಗೆ ತಯಾರಾದವು, ವಾದ್ಯಗಳಿಗೆ ಅಂಥ ಕಟ್ಟುಪಾಡಿಲ್ಲ.

ಊಳಿಡುವುದು ಹಾಡೇ, ನೋವೇ?

ನಾಯಿ ಊಳಿಟ್ಟರೆ ಅಪಶಕುನ ಎನ್ನುವವರಿದ್ದಾರೆ. ಕಿವಿ ನೋಯುವುದರಿಂದ ಊಳಿಡುತ್ತದೆ ಎನ್ನುವವರೂ ಇದ್ದಾರೆ. ಮೊದಲನೆಯದಕ್ಕೆ ಆಧಾರವಿಲ್ಲ, ಎರಡನೆಯದು ಬಹಳ ಸಲ ತಪ್ಪು. ಸದ್ದಿನಿಂದ ನೋವಾದರೆ ಪ್ರಾಣಿ ಸಾಮಾನ್ಯವಾಗಿ ದೂರ ಓಡುತ್ತದೆ. ಊಳಿಡುವ ಎಷ್ಟೋ ನಾಯಿಗಳು ವಾದ್ಯದ ಹತ್ತಿರಕ್ಕೇ ಬಂದು ಕೂರುತ್ತವೆ.

ಊಳಿಡುವುದು ನಾಯಿಗೆ ತೋಳದ ವಂಶದಿಂದ ಬಂದ ಬಳುವಳಿ. ತೋಳಗಳು ಗುಂಪಿನಿಂದ ದೂರವಾದ ಸಂಗಾತಿಗಳನ್ನು ಕರೆಯಲು, ಇದು ತಮ್ಮ ಜಾಗವೆಂದು ಸಾರಲು ಊಳಿಡುತ್ತವೆ. ಒಂದು ಶುರುಮಾಡಿದರೆ ಉಳಿದವೂ ಸೇರಿಕೊಳ್ಳುತ್ತವೆ. ಎಳೆದು ನಿಲ್ಲಿಸಿದ, ನಿಧಾನವಾಗಿ ಏರಿಳಿಯುವ ಸ್ವರ ಅದಕ್ಕೆ ಪ್ರಚೋದನೆ. ಪಿಟೀಲು, ಹಾರ್ಮೋನಿಯಂ, ನಾಗಸ್ವರ, ಶಂಖ, ಆಂಬುಲೆನ್ಸ್ ಸೈರನ್ ಎಲ್ಲದರಲ್ಲೂ ಇರುವುದು ಇಂಥದೇ ಸದ್ದು. ಮೃದಂಗಕ್ಕೋ ತಬಲಕ್ಕೋ ನಾಯಿ ಊಳಿಡುವುದು ಅಪರೂಪ.

ಹಂಗೆರಿಯ ಬುಡಾಪೆಸ್ಟ್‌ನ ಐಟ್ವೆಶ್ ಲೊರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 68 ಸಾಕುನಾಯಿಗಳಿಗೆ ತೋಳದ ಊಳನ್ನು ಕೇಳಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ವಂಶವಾಹಿಯಲ್ಲಿ ತೋಳಕ್ಕೆ ಹತ್ತಿರವಿರುವ ಹಳೆಯ ತಳಿಗಳು ತಿರುಗಿ ಊಳಿಡುವುದು ಹೆಚ್ಚು, ಹೊಸ ತಳಿಗಳು ಬೊಗಳುವುದು ಹೆಚ್ಚು ಎಂಬುದು ಕಂಡುಬಂತು. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದು ನಾಯಿ 'ಹಾಡಿ' ಇನ್ನೊಂದು ನಿದ್ದೆ ಹೊಡೆಯುವುದಕ್ಕೆ ನಿಮ್ಮ ವಿದ್ವತ್ತಿಗಿಂತ ಅವುಗಳ ತಳಿಯೇ ಕಾರಣವಿರಬಹುದು.

ಇದರ ಮೇಲೆ ಕಲಿಕೆಯೂ ಸೇರುತ್ತದೆ. ನಾಯಿ ಮೊದಲ ಸಲ ಊಳಿಟ್ಟಾಗ ಮನೆಮಂದಿಯೆಲ್ಲ ನಕ್ಕು, ಮುದ್ದಾಡಿ, ವಿಡಿಯೊ ಮಾಡಿಕೊಳ್ಳುತ್ತಾರೆ. ಊಳಿಟ್ಟರೆ ಎಲ್ಲರೂ ತನ್ನತ್ತ ತಿರುಗುತ್ತಾರೆ ಎಂಬ ಪಾಠ ನಾಯಿಗೆ ಒಂದೆರಡು ದಿನಗಳಲ್ಲೇ ಸಿಕ್ಕಿಬಿಡುತ್ತದೆ.

ಸಂಗೀತವೋ, ನುಡಿಸುವವರೋ?

ಎಚ್‌ಎಂವಿ ತಟ್ಟೆಗಳ ಮೇಲೆ ಗ್ರಾಮಫೋನ್ ಕೊಳವೆಗೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರ ನೋಡಿದ್ದೀರಲ್ಲ? ಅದು ನಿಪ್ಪರ್ ಎಂಬ ನಿಜವಾದ ನಾಯಿ. ಅದು 1895ರಲ್ಲಿ ಸತ್ತ ಮೇಲೆ ಕಲಾವಿದ ಫ್ರಾನ್ಸಿಸ್ ಬರಾಡ್ ಈ ಚಿತ್ರ ಬರೆದ. ಗ್ರಾಮಫೋನ್ ಕಂಪನಿ 1899ರಲ್ಲಿ ಅದನ್ನು ಕೊಂಡುಕೊಂಡಿತು. ಚಿತ್ರದ ಹೆಸರಿನ ಪ್ರಕಾರ ನಾಯಿ ಆಲಿಸುತ್ತಿರುವುದು ಸಂಗೀತವನ್ನಲ್ಲ, ಯಜಮಾನನ ದನಿಯನ್ನು.

ನಿಮ್ಮ ಮನೆಯಲ್ಲೂ ಹಾಗೇ ಆಗುತ್ತಿರಬಹುದು. ವಾದ್ಯ ಹಿಡಿದ ಮೇಲೆ ನೀವು ಅರ್ಧ ಗಂಟೆ ಒಂದೇ ಕಡೆ ಕೂರುತ್ತೀರಿ, ಸಾಕುಪ್ರಾಣಿಯನ್ನು ಮಾತನಾಡಿಸುವುದಿಲ್ಲ. ಒಂದು ಪ್ರಾಣಿಗೆ ಅದು ನಿಮ್ಮ ಪಕ್ಕದಲ್ಲಿ ನಿಶ್ಚಿಂತೆಯಿಂದ ಮಲಗುವ ಹೊತ್ತು, ಇನ್ನೊಂದಕ್ಕೆ ನಿಮ್ಮ ಗಮನ ಕಳೆದುಕೊಂಡ ಹೊತ್ತು. ಬೆಕ್ಕು ಹಾರ್ಮೋನಿಯಂ ಮೇಲೆ ಹತ್ತಿ ಕೂತರೆ ಅದಕ್ಕೆ ಬೇಕಾಗಿರುವುದು ರಾಗವಲ್ಲ, ನೀವು.

ಬೆಕ್ಕಿಗೆ ಬೇಕಾದ ಸಂಗೀತವೇ ಬೇರೆ

ಇಟಲಿಯ ಸಂಗೀತಗಾರ ಡೊಮೆನಿಕೊ ಸ್ಕಾರ್ಲಾಟಿಯ ಬೆಕ್ಕು ಕೀಬೋರ್ಡ್ ಮೇಲೆ ನಡೆದಾಗ ಹುಟ್ಟಿದ ಸ್ವರಗಳೇ 'ಬೆಕ್ಕಿನ ಫ್ಯೂಗ್' ಆದವು ಎಂಬ ಕತೆಯಿದೆ. ಆದರೆ ಆ ಹೆಸರನ್ನು ಸ್ಕಾರ್ಲಾಟಿ ಇಟ್ಟದ್ದಲ್ಲ, ಬಳಿಕ ಬಂದವರು ಅಂಟಿಸಿದ್ದು.

ಬೆಕ್ಕಿನ ನಿಜವಾದ ಅಭಿರುಚಿ ತಿಳಿಯಲು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸ್ನೋಡನ್ ಮತ್ತು ಚೆಲ್ಲೊ ವಾದಕ ಡೇವಿಡ್ ಟೀ ತಂಡ ಒಂದು ಪ್ರಯೋಗ ಮಾಡಿತು. 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 47 ಸಾಕುಬೆಕ್ಕುಗಳಿದ್ದವು. ಬೆಕ್ಕು ಗುರುಗುಟ್ಟುವ ಲಯ, ಮರಿ ಹಾಲು ಕುಡಿಯುವ ಲಯ ಮತ್ತು ಬೆಕ್ಕಿನ ದನಿಯ ಎತ್ತರಕ್ಕೆ ಹೊಂದಿಸಿ ವಿಶೇಷ ಸಂಗೀತ ರಚಿಸಿದ್ದರು. ಅದು ಕೇಳಿಸಿದಾಗ ಬೆಕ್ಕುಗಳು ಸ್ಪೀಕರಿನ ಬಳಿ ಬಂದು ಮೈ ಉಜ್ಜಿದವು. ಮನುಷ್ಯರ ಶಾಸ್ತ್ರೀಯ ಸಂಗೀತಕ್ಕೆ ಅವು ತೋರಿದ ಆಸಕ್ತಿ ಕಡಿಮೆ.

ಹಾಗೆಂದು ನಮ್ಮ ಸಂಗೀತ ಬೆಕ್ಕಿನ ಮೇಲೆ ಪರಿಣಾಮವನ್ನೇ ಬೀರುವುದಿಲ್ಲ ಎಂದಲ್ಲ. ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಪಶುವೈದ್ಯರು ಅರಿವಳಿಕೆಯಲ್ಲಿದ್ದ 12 ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆಯ ವೇಳೆ ಹೆಡ್‌ಫೋನ್ ಹಾಕಿ ಶಾಸ್ತ್ರೀಯ, ಪಾಪ್ ಮತ್ತು ಹೆವಿ ಮೆಟಲ್ ಸಂಗೀತ ಕೇಳಿಸಿದರು. ಉಸಿರಾಟದ ವೇಗ ಮತ್ತು ಕಣ್ಣಿನ ಪಾಪೆಯ ಅಗಲ ಶಾಸ್ತ್ರೀಯ ಸಂಗೀತಕ್ಕೆ ಕಡಿಮೆಯಿದ್ದವು, ಹೆವಿ ಮೆಟಲ್‌ಗೆ ಹೆಚ್ಚಿದ್ದವು.

ತಾಳ ಹಿಡಿಯುವ ಹಕ್ಕಿ, ಗುರುತು ಹಿಡಿಯುವ ಮೀನು

ಸಂಗೀತಕ್ಕೆ ಸಂಗೀತದಿಂದಲೇ ಉತ್ತರ ಕೊಡುವ ಸಾಕುಪ್ರಾಣಿಗಳೆಂದರೆ ಹಕ್ಕಿಗಳು. ಮೊಜಾರ್ಟ್ 1784ರ ಮೇ 27ರಂದು ಒಂದು ಸ್ಟಾರ್ಲಿಂಗ್ ಕೊಂಡುತಂದ. ಅದು ನಮ್ಮ ಗೊರವಂಕದ ಬಳಗದ ಹಕ್ಕಿ. ಅವನ 17ನೇ ಪಿಯಾನೊ ಕಂಚೆರ್ಟೊದ ಧಾಟಿಯನ್ನು ಅದು ತುಸು ಬದಲಿಸಿ ಹಾಡುತ್ತಿತ್ತು. ಹಕ್ಕಿ ಹಾಡಿದ ರೀತಿಯನ್ನು ಮೊಜಾರ್ಟ್ ತನ್ನ ಖರ್ಚಿನ ಪುಸ್ತಕದಲ್ಲಿ ಬರೆದುಕೊಂಡು, ಚೆನ್ನಾಗಿತ್ತೆಂದು ಮೆಚ್ಚಿದ್ದಾನೆ.

ಅಮೆರಿಕದ ಸ್ನೋಬಾಲ್ ಎಂಬ ಕಾಕಟೂ ಗಿಳಿ ಹಾಡಿನ ವೇಗ ಬದಲಿಸಿದರೆ ತನ್ನ ಕುಣಿತದ ವೇಗವನ್ನೂ ಬದಲಿಸಿಕೊಳ್ಳುತ್ತದೆ ಎಂದು 2009ರಲ್ಲಿ ಅನಿರುದ್ಧ್ ಪಟೇಲ್ ತಂಡ ತೋರಿಸಿತು. ಕೇಳಿದ ಸದ್ದನ್ನು ಅನುಕರಿಸಬಲ್ಲ ಮಿದುಳಿಗೆ ತಾಳ ಹಿಡಿಯುವುದೂ ಸುಲಭ ಎಂಬುದು ಇವರ ವಾದ. ಆದರೆ ಅಂಥ ಅನುಕರಣೆಗೆ ಹೆಸರಾಗಿರದ ರೋನನ್ ಎಂಬ ಕಡಲಸಿಂಹವೂ ತರಬೇತಿಯಿಂದ ತಾಳಕ್ಕೆ ತಲೆದೂಗಲು ಕಲಿತದ್ದು 2013ರಲ್ಲಿ ವರದಿಯಾದ ಮೇಲೆ ಈ ಚರ್ಚೆ ಇನ್ನೂ ನಡೆಯುತ್ತಿದೆ.

ಹಾರ್ವರ್ಡ್‌ನ ರೋಲೆಂಡ್ ಸಂಸ್ಥೆಯ ಅವಾ ಚೇಸ್ 2001ರಲ್ಲಿ ಕೋಯ್ ಮೀನುಗಳಿಗೆ ಬ್ಲೂಸ್ ಮತ್ತು ಶಾಸ್ತ್ರೀಯ ಸಂಗೀತದ ವ್ಯತ್ಯಾಸ ಗುರುತಿಸಲು ಕಲಿಸಿದರು. ಗುರುತಿಸುವುದು ಬೇರೆ, ಆನಂದಿಸುವುದು ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು.

ಒಂದು ಎಚ್ಚರಿಕೆ: ನಮ್ಮ ನಾಡಿನ ಹಸಿರು ಗಿಳಿಗಳನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಶಾಸ್ತ್ರೀಯ ಸಂಗೀತದಿಂದ ನಾಯಿ ಶಾಂತವಾಗುತ್ತದೆಯೇ?

ಸ್ವಲ್ಪಮಟ್ಟಿಗೆ, ಸ್ವಲ್ಪ ಕಾಲ. ಬೆಲ್‌ಫಾಸ್ಟ್‌ನ ಆಶ್ರಯತಾಣವೊಂದರಲ್ಲಿ ನಡೆದ 2002ರ ಅಧ್ಯಯನದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿದ ನಾಯಿಗಳು ಹೆಚ್ಚು ಹೊತ್ತು ವಿಶ್ರಮಿಸಿದವು, ಹೆವಿ ಮೆಟಲ್ ಕೇಳಿದವು ಹೆಚ್ಚು ಬೊಗಳಿದವು. ಕೊಲರಾಡೊದಲ್ಲಿ 117 ನಾಯಿಗಳ ಮೇಲೆ ನಡೆದ 2012ರ ಅಧ್ಯಯನದಲ್ಲೂ ಶಾಸ್ತ್ರೀಯ ಸಂಗೀತಕ್ಕೆ ನಿದ್ದೆ, ಹೆವಿ ಮೆಟಲ್‌ಗೆ ಮೈನಡುಕ ಹೆಚ್ಚಿದ್ದವು. ಆದರೆ ಒಂದೇ ಬಗೆಯ ಸಂಗೀತವನ್ನು ದಿನವೂ ಹಾಕಿದರೆ ಈ ಪರಿಣಾಮ ಬೇಗ ಇಳಿಯುತ್ತದೆ ಎಂದು ಗ್ಲಾಸ್ಗೊ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಬಗೆಬಗೆಯ ಸಂಗೀತ ಕೇಳಿಸಿದ 2017ರ ಅಧ್ಯಯನದಲ್ಲಿ ಸಾಫ್ಟ್ ರಾಕ್ ಮತ್ತು ರೆಗೆ ಮುಂದಿದ್ದವು.

ಇವೆಲ್ಲ ಗೂಡಿನಲ್ಲಿದ್ದ ನಾಯಿಗಳಿಗೆ ಸ್ಪೀಕರಿನಲ್ಲಿ ಹಾಕಿದ ಸಂಗೀತದ ಫಲಿತಾಂಶಗಳು. ಮನೆಯೊಳಗೆ ನೀವು ನುಡಿಸುವ ವಾದ್ಯಕ್ಕೆ ಇವನ್ನು ಹಾಗೇ ಅನ್ವಯಿಸಲಾಗದು.

ಇಷ್ಟವೋ ಕಷ್ಟವೋ ತಿಳಿಯುವುದು ಹೇಗೆ?

ದನಿಗಿಂತ ಮೈಯನ್ನು ನೋಡಿ.

- ನೆಮ್ಮದಿಯ ಗುರುತು: ಸಡಿಲವಾದ ಮೈ, ಅರೆಮುಚ್ಚಿದ ಕಣ್ಣು, ಹತ್ತಿರ ಬಂದು ಮಲಗುವುದು, ಬಾಗಿಲು ತೆರೆದಿದ್ದರೂ ಹೊರಗೆ ಹೋಗದಿರುವುದು.
- ನಾಯಿಯ ಒತ್ತಡ: ಕಾಲ ಸಂದಿಗೆ ಸೇರಿದ ಬಾಲ, ಹಿಂದಕ್ಕೆ ಒರಗಿದ ಕಿವಿ, ಮತ್ತೆ ಮತ್ತೆ ಆಕಳಿಕೆ, ತುಟಿ ನೆಕ್ಕುವುದು, ಸೆಖೆಯಿಲ್ಲದಿದ್ದರೂ ಏದುಸಿರು, ನಡುಕ, ಮಂಚದ ಕೆಳಗೆ ಅಡಗುವುದು.
- ಬೆಕ್ಕಿನ ಒತ್ತಡ: ಪಕ್ಕಕ್ಕೆ ಚಪ್ಪಟೆಯಾದ ಕಿವಿ, ಬಾಲದ ಬಡಿತ, ಹಿಗ್ಗಿದ ಪಾಪೆ, ಮುದುಡಿ ಕೂರುವುದು.
- ಹಕ್ಕಿಯ ಒತ್ತಡ: ಗರಿಗಳನ್ನು ಮೈಗೆ ಬಿಗಿದುಕೊಳ್ಳುವುದು, ಪಂಜರದೊಳಗೆ ಗಾಬರಿಯಿಂದ ರೆಕ್ಕೆ ಬಡಿಯುವುದು.

ಬಾಲ ಮುದುಡಿಕೊಂಡು ಊಳಿಡುವ ನಾಯಿಯ ವಿಡಿಯೊ ನೋಡುವವರಿಗೆ ತಮಾಷೆ, ನಾಯಿಗೆ ಅಲ್ಲ.

ಅಭ್ಯಾಸಕ್ಕೆ ಕೂರುವ ಮುನ್ನ

- ಕೋಣೆಯ ಬಾಗಿಲು ತೆರೆದಿಡಿ. ಪ್ರಾಣಿಯನ್ನು ವಾದ್ಯದ ಬಳಿ ಕಟ್ಟಿಹಾಕಬೇಡಿ, ತೊಡೆಯ ಮೇಲೆ ಬಲವಂತವಾಗಿ ಕೂರಿಸಿಕೊಳ್ಳಬೇಡಿ.
- ದೂರ ದೊಡ್ಡ ಔಷಧಿ. ಬಯಲಿನಲ್ಲಿ ಅಂತರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳ ಪ್ರತಿಫಲನದಿಂದಾಗಿ ಕೋಣೆಯೊಳಗೆ ಇಳಿಕೆ ಕಡಿಮೆ, ಆದ್ದರಿಂದ ಇನ್ನೊಂದು ಕೋಣೆಯೇ ಒಳ್ಳೆಯದು.
- ಪಂಜರ ಮತ್ತು ಮೀನಿನ ತೊಟ್ಟಿಯಿಂದ ಎದ್ದುಹೋಗಲು ಜಾಗವಿಲ್ಲ. ಅವುಗಳ ಹತ್ತಿರ ಡ್ರಮ್, ಆಂಪ್ಲಿಫೈಯರ್ ಇಡಬೇಡಿ.
- ಹೊಸ ವಾದ್ಯವಾದರೆ ಮೆಲ್ಲಗೆ, ಕೆಲವೇ ನಿಮಿಷ ನುಡಿಸಿ. ಪ್ರಾಣಿ ಶಾಂತವಾಗಿದ್ದಾಗ ತಿಂಡಿ ಕೊಡಿ. ಊಳಿಡುವುದು ಬೇಡವೆಂದರೆ ಊಳಿಟ್ಟಾಗ ನಗಬೇಡಿ, ಗದರಲೂ ಬೇಡಿ.

ವರ್ತನೆ ಏಕಾಏಕಿ ಬದಲಾದರೆ

ವರ್ಷಗಟ್ಟಲೆ ನಿಮ್ಮ ವೀಣೆಯ ಪಕ್ಕದಲ್ಲೇ ಮಲಗುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಆ ಸದ್ದಿಗೆ ಹೆದರತೊಡಗಿದರೆ, ಅದನ್ನು ವಯಸ್ಸಾದವರ ಸಿಡುಕು ಎಂದು ಬಿಟ್ಟುಬಿಡಬೇಡಿ. ಬ್ರಿಟನ್‌ನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಭಾಗವಹಿಸಿ 2018ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದು, ತಡವಾಗಿ ಶುರುವಾದ ಸದ್ದಿನ ಭಯದ ಹಿಂದೆ ಕೀಲು ಅಥವಾ ಸ್ನಾಯುವಿನ ಅಡಗಿದ ನೋವು ಇರಬಹುದೆಂದು ತೋರಿಸಿತು. ಸದ್ದಿಗೆ ಬೆಚ್ಚಿದಾಗ ಮೈ ಬಿಗಿಯುತ್ತದೆ, ನೋವು ಹೆಚ್ಚುತ್ತದೆ, ಆ ನೋವಿಗೂ ಸದ್ದಿಗೂ ನಂಟು ಬೆಳೆಯುತ್ತದೆ.

ಮುದಿ ಬೆಕ್ಕುಗಳಲ್ಲಿ ಕೀಲಿಕೈ ಗೊಂಚಲು, ಫಾಯಿಲ್, ಬಟ್ಟಲಿಗೆ ತಾಗಿದ ಚಮಚ ಮುಂತಾದ ಚೂಪಾದ ಸದ್ದುಗಳಿಂದ ಫಿಟ್ಸ್ ಬರುವ ಕಾಯಿಲೆಯೊಂದಿದೆ. 96 ಬೆಕ್ಕುಗಳ ವಿವರ ಕಲೆಹಾಕಿ 2015ರಲ್ಲಿ ಬ್ರಿಟನ್‌ನ ಪಶುವೈದ್ಯರು ಇದನ್ನು ವರ್ಣಿಸಿದರು. ಇದಕ್ಕೆ ಔಷಧಿಯಿದೆ. ಸದ್ದಿಗೆ ಬೆಕ್ಕು ಸೆಟೆದುಕೊಳ್ಳುವುದು, ಕೆಳಗೆ ಬೀಳುವುದು ಕಂಡರೆ ಪಶುವೈದ್ಯರಿಗೆ ತೋರಿಸಿ. ಸಾಧ್ಯವಾದರೆ ವಿಡಿಯೊ ಮಾಡಿಕೊಂಡು ಹೋಗಿ, ಅದು ರೋಗಪತ್ತೆಗೆ ನೆರವಾಗುತ್ತದೆ.

ಒಟ್ಟಿನಲ್ಲಿ, ಗಾದೆಯ ಕೋಣ ಕಿವುಡಲ್ಲ, ಕಿನ್ನರಿಯ ವಿಮರ್ಶಕನೂ ಅಲ್ಲ. ಅದಕ್ಕೆ ಕೇಳಿಸುವುದು ಬೇರೆ, ಬೇಕಾಗಿರುವುದು ಬೇರೆ. ನಾಯಿ ಊಳಿಟ್ಟಿತೆಂದು ಪಿಟೀಲು ಬಿಡಬೇಕಾಗಿಲ್ಲ, ಬೆಕ್ಕು ಎದ್ದುಹೋಯಿತೆಂದು ಬೇಸರಪಡಬೇಕಾಗಿಯೂ ಇಲ್ಲ. ಅವು ಎದ್ದುಹೋಗಲು ಬಾಗಿಲು ತೆರೆದಿದ್ದರೆ ಸಾಕು.