ಬೆಂಕಿಗೆ ಬಗ್ಗದ ಸ್ಟೀಪಲ್‌ಚೇಸ್ ಪಾರ್ಕ್

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ದಕ್ಷಿಣ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಯಲ್ಲಿದೆ ಕೋನಿ ಐಲ್ಯಾಂಡ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮೆರೆದ ಮೂರು ಬೃಹತ್ ಮನರಂಜನಾ ಉದ್ಯಾನಗಳ ಪೈಕಿ ಮೊದಲು ಹುಟ್ಟಿ ಕೊನೆಗೆ ಅಳಿದದ್ದು ಸ್ಟೀಪಲ್‌ಚೇಸ್ ಪಾರ್ಕ್.

ಅದರ ಸ್ಥಾಪಕ ಜಾರ್ಜ್ ಟಿಲ್ಯೂ (1862–1914) ಕೋನಿ ಐಲ್ಯಾಂಡ್‌ನಲ್ಲೇ ಬೆಳೆದವನು. 1893ರಲ್ಲಿ ಮಧುಚಂದ್ರಕ್ಕೆಂದು ಷಿಕಾಗೋಗೆ ಹೋದಾಗ ಅಲ್ಲಿನ ವಿಶ್ವಮೇಳದಲ್ಲಿ ಫೆರಿಸ್ ಚಕ್ರವನ್ನು ಕಂಡು ಬೆರಗಾದ. ಅದನ್ನೇ ಕೊಳ್ಳಲು ಹೊರಟು ವಿಫಲನಾಗಿ, ಅದರ ಅರ್ಧದಷ್ಟೂ ಎತ್ತರವಿಲ್ಲದ ಚಕ್ರವೊಂದನ್ನು ಮಾಡಿಸಿದ. ಚಕ್ರ ಬರುವ ಮುನ್ನವೇ ಜಾಗದಲ್ಲಿ 'ಜಗತ್ತಿನಲ್ಲೇ ದೊಡ್ಡದು' ಎಂಬ ಫಲಕ ನೆಟ್ಟಿದ್ದು ಅವನ ವ್ಯಾಪಾರ ಬುದ್ಧಿಗೆ ಸಾಕ್ಷಿ.

1895ರಲ್ಲಿ ಪಾಲ್ ಬಾಯ್ಟನ್ ಸಮೀಪದಲ್ಲೇ ಬೇಲಿ ಹಾಕಿ, ಪ್ರವೇಶ ಶುಲ್ಕವಿಟ್ಟು ಸೀ ಲಯನ್ ಪಾರ್ಕ್ ತೆರೆದಿದ್ದ. ಅದೇ ಮಾದರಿ ಹಿಡಿದು ಟಿಲ್ಯೂ 1897ರಲ್ಲಿ ಸ್ಟೀಪಲ್‌ಚೇಸ್ ಆರಂಭಿಸಿದ. ಇಳಿಜಾರಿನ ಕಬ್ಬಿಣದ ಹಳಿಗಳ ಮೇಲೆ ಗುರುತ್ವ ಬಲದಿಂದ ಓಡುವ ಮರದ ಕುದುರೆಗಳ ಪಂದ್ಯವೇ ಅದರ ಹೆಸರಿಗೂ ಖ್ಯಾತಿಗೂ ಮೂಲ. ಒಂದೇ ಕುದುರೆಯ ಮೇಲೆ ಯುವಕ ಯುವತಿ ಒತ್ತಿ ಕೂರಬಹುದಾಗಿದ್ದುದು ಆ ಕಾಲದ ಸಂಪ್ರದಾಯಸ್ಥ ಸಮಾಜದಲ್ಲಿ ಸಣ್ಣ ಆಕರ್ಷಣೆಯೇನಲ್ಲ.

ಜನರನ್ನು ನಗಿಸಲು ಜನರೇ ಸಾಕು ಎಂಬುದನ್ನು ಟಿಲ್ಯೂ ಅರಿತಿದ್ದ. ಕುದುರೆ ಇಳಿದವರು ಹೊರಹೋಗಲು ವೇದಿಕೆಯೊಂದನ್ನು ದಾಟಬೇಕಿತ್ತು. ಅಲ್ಲಿ ನೆಲದಿಂದ ಚಿಮ್ಮುವ ಗಾಳಿ ಮಹಿಳೆಯರ ಲಂಗ ಹಾರಿಸುತ್ತಿತ್ತು, ವಿದೂಷಕನೊಬ್ಬ ವಿದ್ಯುತ್ ಕೋಲಿನಿಂದ ಗಂಡಸರನ್ನು ಚುಚ್ಚುತ್ತಿದ್ದ. ಹೀಗೆ ಪೇಚಿಗೆ ಸಿಕ್ಕವರು ಬಳಿಕ ಎದುರಿನ ಆಸನಗಳಲ್ಲಿ ಕುಳಿತು ಮುಂದಿನವರ ಪಾಡು ಕಂಡು ನಗಬಹುದಿತ್ತು. ಇಂದಾಗಿದ್ದರೆ ಪೊಲೀಸ್ ಠಾಣೆಯ ಮೆಟ್ಟಿಲೇರುತ್ತಿದ್ದ ವಿನೋದವಿದು.

1907ರ ಜುಲೈ 28ರಂದು ಹೊತ್ತಿಕೊಂಡ ಬೆಂಕಿಗೆ ಉದ್ಯಾನ ಆಹುತಿಯಾಯಿತು. ಹೊಗೆ ಇನ್ನೂ ಆಡುತ್ತಿದ್ದಾಗಲೇ ಟಿಲ್ಯೂ ಅವಶೇಷಗಳನ್ನು ನೋಡಬಯಸುವವರಿಗೆ 10 ಸೆಂಟ್ ಶುಲ್ಕ ವಿಧಿಸಿದ! ಮರುವರ್ಷವೇ ಉಕ್ಕು, ಗಾಜುಗಳ ವಿಶಾಲ 'ಪೆವಿಲಿಯನ್ ಆಫ್ ಫನ್' ಎದ್ದು ನಿಂತಿತು. ಸೂರಿನಡಿ ಆಟಗಳಿದ್ದುದರಿಂದ ಮಳೆಯ ದಿನಗಳಲ್ಲೂ ಗಲ್ಲಾಪೆಟ್ಟಿಗೆ ತುಂಬತೊಡಗಿತು. ಪ್ರತಿಸ್ಪರ್ಧಿಗಳಿಗೆ ಈ ಅದೃಷ್ಟವಿರಲಿಲ್ಲ. 1904ರಲ್ಲಿ ತೆರೆದ ಡ್ರೀಮ್‌ಲ್ಯಾಂಡ್ 1911ರಲ್ಲಿ ಸುಟ್ಟು ಬೂದಿಯಾಯಿತು. 1903ರ ಲೂನಾ ಪಾರ್ಕ್ 1944ರ ಬೆಂಕಿಯ ನಂತರ ಚೇತರಿಸಿಕೊಳ್ಳಲಿಲ್ಲ.

ಟಿಲ್ಯೂ ಕುಟುಂಬ 1964ರ ಸೆಪ್ಟೆಂಬರ್‌ನಲ್ಲಿ ಉದ್ಯಾನವನ್ನು ಮುಚ್ಚಿತು. ಮರುವರ್ಷ ಜಾಗ ಕೊಂಡವರು ಕಟ್ಟಡ ಉದ್ಯಮಿ ಫ್ರೆಡ್ ಟ್ರಂಪ್, ಮುಂದೆ ಅಧ್ಯಕ್ಷರಾದ ಡೊನಾಲ್ಡ್ ಟ್ರಂಪ್ ಅವರ ತಂದೆ. ಸ್ಮಾರಕವೆಂದು ಉಳಿಸಿಕೊಳ್ಳುವ ಕೂಗು ಬಲಗೊಳ್ಳುವ ಮುನ್ನವೇ, 1966ರಲ್ಲಿ ಅವರು ಅತಿಥಿಗಳನ್ನು ಆಹ್ವಾನಿಸಿ, ಪೆವಿಲಿಯನ್‌ನ ಗಾಜಿನ ಮುಂಭಾಗಕ್ಕೆ ಇಟ್ಟಿಗೆ ಎಸೆಯಲು ಹಚ್ಚಿ ನೆಲಸಮ ಕಾರ್ಯಕ್ಕೆ ಚಾಲನೆ ನೀಡಿದರು. ವಿಪರ್ಯಾಸವೆಂದರೆ, ಅವರು ಬಯಸಿದ ವಸತಿ ಗೋಪುರಗಳಿಗೆ ಭೂಬಳಕೆ ಬದಲಾವಣೆಯ ಅನುಮತಿಯೇ ದೊರೆಯಲಿಲ್ಲ. ಜಾಗ ಕೊನೆಗೆ ನಗರಾಡಳಿತದ ಪಾಲಾಯಿತು.

2001ರಲ್ಲಿ ಅಲ್ಲಿ ಬೇಸ್‌ಬಾಲ್ ಕ್ರೀಡಾಂಗಣ ಆರಂಭವಾಯಿತು. ಅದರ ಪಕ್ಕದಲ್ಲಿ 250 ಅಡಿಗೂ ಎತ್ತರದ 'ಪ್ಯಾರಾಚೂಟ್ ಜಂಪ್' ಗೋಪುರ ನಿಂತಿದೆ. 1939ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ನಿರ್ಮಿಸಿ 1941ರಲ್ಲಿ ಸ್ಟೀಪಲ್‌ಚೇಸ್‌ಗೆ ತಂದ ಈ ಗೋಪುರಕ್ಕೆ 1989ರಲ್ಲಿ ನಗರ ಸ್ಮಾರಕದ ಮಾನ್ಯತೆ ದೊರೆಯಿತು. ಅದರಿಂದ ಈಗ ಯಾರೂ ಜಿಗಿಯುವುದಿಲ್ಲ, ರಾತ್ರಿ ದೀಪಗಳು ಮಾತ್ರ ಬೆಳಗುತ್ತವೆ.