ಪಟ್ಟಣವೂ ಸುತ್ತಣ ಹಳ್ಳಿಗಳೂ: ಮಲಪ್ರಭಾ ತೀರದ ಸ್ಥಳೀಯಾಡಳಿತದಲ್ಲಿ ಒಂದು ಸಮಸ್ಯೆ

ಒಂದು ಪಟ್ಟಣಕ್ಕೂ ಅದನ್ನು ಸುತ್ತುವರಿದ ಹಳ್ಳಿಗಳಿಗೂ ಇರುವ ಸಂಬಂಧವು ಸಂತೆ, ರಸ್ತೆ, ನೀರು, ಶಾಲೆಗಳ ಮೂಲಕ ದಿನನಿತ್ಯವೂ ಅನುಭವಕ್ಕೆ ಬರುವಂಥದು. ಆದರೆ ಈ ಸಂಬಂಧವನ್ನು ನಿರ್ವಹಿಸಲು ಉಭಯರಿಗೂ ಸಮಾನವಾದ ಒಂದು ಸಂಸ್ಥೆ ಇರಬೇಕೇ, ಇದ್ದರೆ ಅದರ ಹಣವೂ ಅಧಿಕಾರವೂ ಯಾರದು ಎಂಬ ಪ್ರಶ್ನೆಗೆ ಎಲ್ಲ ಕಾಲದಲ್ಲಿಯೂ ಒಂದೇ ಉತ್ತರ ದೊರೆತಿಲ್ಲ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲು ಶಾಸನಗಳ ಕಾಲವನ್ನು ನೋಡೋಣ. ಸವದತ್ತಿಯ ಪ್ರಾಚೀನ ನಾಮ ಸುಗಂಧವರ್ತಿ. ಇದು ಕೂಂಡಿ ಮೂರುಸಾಸಿರವನ್ನು ಆಳಿದ ರಟ್ಟ ಮನೆತನದ ಮೊದಲ ರಾಜಧಾನಿ. ಎರಡನೆಯ ತೈಲಪನ ಸಾಮಂತನಾಗಿದ್ದ ಶಾಂತಿವರ್ಮನು ಇಲ್ಲಿ ಜಿನಾಲಯಕ್ಕೆ ಭೂದಾನ ಮಾಡಿದುದನ್ನು ಕ್ರಿ.ಶ. 980ರ ಶಾಸನವು ತಿಳಿಸುತ್ತದೆ. ರಟ್ಟರು ಮುಂದೆ ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ರಾಜಧಾನಿಯನ್ನು ಬದಲಿಸಿದರು. ಕೂಂಡಿ ನಾಡಿನೊಳಗೆ ಸುಗಂಧವರ್ತಿ-12, ವೇಣುಗ್ರಾಮ-70 ಎಂಬ ಕಿರಿಯ ವಿಭಾಗಗಳಿದ್ದುವು. ಮೂರುಸಾಸಿರದಂತಹ ದೊಡ್ಡ ಸಂಖ್ಯೆಗಳ ಅರ್ಥದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಹನ್ನೆರಡರಂತಹ ಚಿಕ್ಕ ಸಂಖ್ಯೆಯು ಒಂದು ಮುಖ್ಯ ಊರಿಗೆ ಸೇರಿದ ಹಳ್ಳಿಗಳ ಗುಂಪನ್ನು ಸೂಚಿಸುತ್ತದೆಂದು ಗ್ರಹಿಸುವುದು ಸಹಜವಾಗಿದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಊರ ಹೆಸರೇ ವಿಭಾಗದ ಹೆಸರು. ಹಿರಿಯ ಊರು ಗುಂಪಿನ ಹೊರಗಿಲ್ಲ, ಅದರ ತಲೆಯಾಗಿ ಒಳಗೇ ಇದೆ. ಇದನ್ನು ಪ್ರಜಾಪ್ರಭುತ್ವವೆಂದು ಕರೆಯುವುದು ಸರಿಯಾಗದು. ಗಾವುಂಡರೂ ಮಹಾಜನರೂ ಊರಿನ ಪ್ರಮುಖರೇ ಹೊರತು ಎಲ್ಲರಿಂದ ಆರಿಸಲ್ಪಟ್ಟವರಲ್ಲ.

ಕಿತ್ತೂರ ದೇಸಗತಿಯಲ್ಲಿಯೂ ಇದೇ ಬಗೆಯ ಐಕ್ಯವಿದ್ದಿತು. ಕೋಟೆ, ಪೇಟೆ, ಹಳ್ಳಿಗಳೆಲ್ಲ ಒಂದೇ ದೇಸಾಯಿಯ ಅಧೀನ. 1824ರಲ್ಲಿ ರಾಣಿ ಚೆನ್ನಮ್ಮನ ಹೋರಾಟ ಮುಗಿದು ಸಂಸ್ಥಾನವು ಕಂಪನಿ ಸರಕಾರದ ವಶವಾದಾಗ ಈ ಐಕ್ಯವೂ ಮುರಿಯಿತು. ರಾಣಿಯು ಬೈಲಹೊಂಗಲದಲ್ಲಿ ಬಂಧನದಲ್ಲಿದ್ದು 1829ರಲ್ಲಿ ನಿಧನಳಾದಳು. ರಾಜಧಾನಿಯಾಗಿದ್ದ ಕಿತ್ತೂರು ಸಂಪಗಾವಿ ತಾಲ್ಲೂಕಿನ ಒಂದು ಊರಾಗಿ ಉಳಿಯಿತು. ಸವದತ್ತಿ ಪರಸಗಡ ತಾಲ್ಲೂಕಿನ ಕೇಂದ್ರವಾಯಿತು. ರಾಮದುರ್ಗ ಮಾತ್ರ 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿ ಮುಂದುವರಿಯಿತು.

ಆಧುನಿಕ ಸ್ಥಳೀಯಾಡಳಿತದ ಬೀಜವನ್ನು ನಾವು 1869ರ ಮುಂಬಯಿ ಸ್ಥಳೀಯ ನಿಧಿ ಕಾಯಿದೆಯಲ್ಲಿ ಕಾಣುತ್ತೇವೆ. ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ ರೈತನಿಂದ ಪಟ್ಟಿ ಎತ್ತಿ, ಅದರ ಮೂರರಲ್ಲಿ ಎರಡು ಪಾಲನ್ನು ರಸ್ತೆ ಮೊದಲಾದ ಕಾಮಗಾರಿಗಳಿಗೂ ಒಂದು ಪಾಲನ್ನು ಶಾಲೆಗಳಿಗೂ ಮೀಸಲಿಡಲಾಯಿತು. ಪಟ್ಟಣಗಳ ಪುರಸಭೆಗಳಿಗೆ 1873ರ ಬೇರೊಂದು ಕಾಯಿದೆಯಿದ್ದಿತು. 1882ರಲ್ಲಿ ಲಾರ್ಡ್ ರಿಪನ್ನರ ನಿರ್ಣಯ ಹೊರಬಿದ್ದ ಬಳಿಕ ಮುಂಬಯಿ ಶಾಸನಸಭೆಯು 1884ರಲ್ಲಿ ಎರಡು ಕಾಯಿದೆಗಳನ್ನು ಮಾಡಿತು: ಮೊದಲನೆಯದು ಹಳ್ಳಿಗಳ ಲೋಕಲ್ ಬೋರ್ಡುಗಳಿಗೆ, ಎರಡನೆಯದು ಪುರಸಭೆಗಳಿಗೆ. ಹೀಗೆ ಪಟ್ಟಣಕ್ಕೊಂದು ಬೊಕ್ಕಸ, ಹಳ್ಳಿಗಳಿಗೊಂದು ಬೊಕ್ಕಸ ಎಂಬ ಇಬ್ಭಾಗವು ಸ್ಥಿರವಾಯಿತು. ರೈತನ ಒಂದಾಣೆಯಿಂದಾದ ರಸ್ತೆಯು ಅವನ ಹತ್ತಿಯನ್ನು ಪಟ್ಟಣದ ಪೇಟೆಗೆ ಮುಟ್ಟಿಸುತ್ತಿದ್ದಿತು. ಆದರೆ ಪೇಟೆ ಬೆಳೆದು ಪುರಸಭೆಗೆ ಬಂದ ಉತ್ಪನ್ನದ ಮೇಲೆ ಅವನಿಗೆ ಮಾತಿರಲಿಲ್ಲ.

ಅದೇ 1884ರ ಏಪ್ರಿಲ್ 5ರಂದು ಫ್ರಾನ್ಸ್ ದೇಶದಲ್ಲಿಯೂ ಒಂದು ಪುರಾಡಳಿತ ಕಾಯಿದೆ ಬಂದಿತೆಂಬುದು ಕುತೂಹಲಕರವಾದ ಸಂಗತಿ. ಪ್ಯಾರಿಸ್ ಒಂದನ್ನು ಬಿಟ್ಟು, ಮಹಾನಗರವಾಗಲಿ ನೂರು ಜನರ ಹಳ್ಳಿಯಾಗಲಿ, ಎಲ್ಲವೂ ‘ಕಮ್ಯೂನ್’ ಎಂಬ ಒಂದೇ ಹೆಸರಿನ, ಒಂದೇ ಕಾಯಿದೆಯ ಘಟಕಗಳಾದುವು. ಇಂತಹ ಘಟಕಗಳು ಅಲ್ಲಿ ಇಂದಿಗೂ ಸುಮಾರು 35,000 ಇವೆ. ಅವುಗಳಲ್ಲಿ ಬಹುಪಾಲು ತೀರ ಚಿಕ್ಕವಾದುದರಿಂದ ಒಂಟಿಯಾಗಿ ಕಾರ್ಯ ಸಾಗಿಸುವುದು ಕಷ್ಟವಾಯಿತು. 1890ರ ಕಾಯಿದೆಯು ಅವು ಸ್ವೇಚ್ಛೆಯಿಂದ ಒಕ್ಕೂಟಗಳನ್ನು ರಚಿಸಿಕೊಳ್ಳಲು ಅವಕಾಶ ನೀಡಿತು. 1992 ಮತ್ತು 1999ರ ಕಾಯಿದೆಗಳು ಪಟ್ಟಣವನ್ನೂ ಸುತ್ತಣ ಕಮ್ಯೂನುಗಳನ್ನೂ ಸೇರಿಸಿ, ಸ್ವಂತ ತೆರಿಗೆಯುಳ್ಳ ಸಮುದಾಯ ಮಂಡಲಿಗಳನ್ನು ನಿರ್ಮಿಸಿದುವು. ಇಲ್ಲಿಯೂ ದೊಡ್ಡ ಊರು ಚಿಕ್ಕದನ್ನು ನುಂಗೀತೆಂಬ ಭಯವಿಲ್ಲದಿಲ್ಲ. ಆದರೆ ಕಾಯಿದೆಯ ದೃಷ್ಟಿಯಲ್ಲಿ ಸಮಾನರಾದವರು ಕೂಡಿದರು ಎಂಬುದು ಮುಖ್ಯ. ನಮ್ಮಲ್ಲಿಯಾದರೋ ಮೊದಲು ಬೇರ್ಪಡಿಸಿ ಆಮೇಲೆ ಜೋಡಿಸಬೇಕಾಯಿತು.

ಜೋಡಿಸುವ ಯತ್ನಗಳು ಎಡೆಬಿಡದೆ ಸಾಗಲಿಲ್ಲ. ಮುಂಬಯಿ ಸರಕಾರವು 1938ರಲ್ಲಿ ತಾಲ್ಲೂಕು ಬೋರ್ಡುಗಳನ್ನು ರದ್ದುಪಡಿಸಿ ಅವುಗಳ ಕಾರ್ಯವನ್ನು ಜಿಲ್ಲಾ ಬೋರ್ಡಿಗೆ ವಹಿಸಿತು. ಹಳ್ಳಿಗನಿಗೆ ಸಮೀಪದ ಮೆಟ್ಟಿಲೇ ಇಲ್ಲವಾಯಿತು. 1956ರಲ್ಲಿ ಈ ಪ್ರದೇಶವು ಮೈಸೂರು ರಾಜ್ಯವನ್ನು ಸೇರಿದ ಬಳಿಕ, 1959ರ ಕಾಯಿದೆಯಿಂದ ಚುನಾಯಿತ ತಾಲ್ಲೂಕು ಬೋರ್ಡುಗಳು ಮತ್ತೆ ಹುಟ್ಟಿದುವು. 1983ರ ಕಾಯಿದೆಯು ಅಧಿಕಾರವನ್ನು ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯತಿಗೂ ಹಂಚಿತು. 1993ರ ಕಾಯಿದೆಯು ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳನ್ನು ಸ್ಥಾಪಿಸಿ, ಗ್ರಾಮ ಪಂಚಾಯತಿಯ ಅಧ್ಯಕ್ಷರಲ್ಲಿ ಐದರಲ್ಲೊಂದು ಪಾಲು ಜನರು ಸರದಿಯಂತೆ ತಾಲ್ಲೂಕು ಪಂಚಾಯತಿಯಲ್ಲಿ ಕುಳಿತುಕೊಳ್ಳಲು ಎಡೆಮಾಡಿತು. ಪುರಸಭೆಗಳು ಮಾತ್ರ 1964ರ ಪ್ರತ್ಯೇಕ ಕಾಯಿದೆಯಡಿಯಲ್ಲಿಯೇ ಉಳಿದುವು. ಸಂವಿಧಾನದ 74ನೆಯ ತಿದ್ದುಪಡಿಯು ವಿಧಿಸಿದ ಜಿಲ್ಲಾ ಯೋಜನಾ ಸಮಿತಿಯಲ್ಲಿ ಉಭಯರ ಪ್ರತಿನಿಧಿಗಳು ಒಂದೆಡೆ ಸೇರುತ್ತಾರೆ. ಆದರೆ ಅದು ಯೋಜನೆಯನ್ನು ಒಗ್ಗೂಡಿಸುವ ಸಮಿತಿಯೇ ಹೊರತು ತೆರಿಗೆ ಎತ್ತುವ ಸಂಸ್ಥೆಯಲ್ಲ. 2021ರಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ ತೀರಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆಡಳಿತಾಧಿಕಾರಿಗಳು ಕಾರ್ಯಭಾರ ನಡೆಸಿದರು. ಈಚಿನ ವರ್ಷಗಳಲ್ಲಿ ಕಿತ್ತೂರು ಪ್ರತ್ಯೇಕ ತಾಲ್ಲೂಕಾಗಿ ತನ್ನ ಹಳೆಯ ಗೌರವವನ್ನು ಸ್ವಲ್ಪಮಟ್ಟಿಗೆ ಪಡೆದಿದೆಯಾದರೂ, ಕಚೇರಿ ಸಮೀಪಕ್ಕೆ ಬಂದ ಮಾತ್ರಕ್ಕೆ ಪ್ರಾತಿನಿಧ್ಯವೂ ಸಮೀಪಕ್ಕೆ ಬಂದಿತೆಂದು ಹೇಳಲಾಗದು.

ಇಷ್ಟಾದರೂ ಪಟ್ಟಣ ಹಳ್ಳಿಗಳು ಒಂದೇ ಮೇಜಿನ ಸುತ್ತ ಕುಳಿತ ಉದಾಹರಣೆಯೊಂದು ನಮ್ಮ ಕಣ್ಣೆದುರಿಗೇ ಇದೆ. ಅದು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ. ಮುಂಬಯಿಯ 1939ರ ಕಾಯಿದೆಯೂ ಅನಂತರ ಬಂದ 1966ರ ಕಾಯಿದೆಯೂ ಬೆಳೆಗಾರರಿಗೂ ವರ್ತಕರಿಗೂ ಒಂದೇ ಸಮಿತಿಯಲ್ಲಿ ಸ್ಥಾನ ಕೊಟ್ಟುವು. ಬೈಲಹೊಂಗಲದ ಪೇಟೆಯಲ್ಲಿ ಪಟ್ಟಣದ ವರ್ತಕನು ಹಳ್ಳಿಯ ಬೆಳೆಗಾರನೊಡನೆ ಕುಳಿತು ತೂಕ, ಶುಲ್ಕ, ಅಂಗಳಗಳ ವಿಷಯವನ್ನು ನಿರ್ಣಯಿಸಬೇಕಾಯಿತು. ಸಮಿತಿಗೆ ಸ್ವಂತ ಹಣವಿದ್ದಿತು. ಆದುದರಿಂದಲೇ ಅದರ ಮಾತಿಗೆ ಬೆಲೆಯೂ ಇದ್ದಿತು.

ಮಾರುಕಟ್ಟೆಗಿರುವಂತಹ ಕೂಡುಸಂಸ್ಥೆಯು ನೀರಿಗಿಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಕೂಡಲಸಂಗಮವನ್ನು ಸೇರುವ ಮುನ್ನ ಈ ಸೀಮೆಯನ್ನೆಲ್ಲ ಹಾಯ್ದು ಹೋಗುತ್ತದೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅದಕ್ಕೆ ಕಟ್ಟಿದ ಅಣೆಕಟ್ಟಿನ ನೀರು ಹುಬ್ಬಳ್ಳಿ-ಧಾರವಾಡಗಳವರೆಗೆ ಹರಿದಿದೆ. 2019ರ ಆಗಸ್ಟಿನಲ್ಲಿ ನದಿ ಉಕ್ಕಿದಾಗ ರಾಮದುರ್ಗ ಪಟ್ಟಣಕ್ಕೂ ದಂಡೆಯ ಹಳ್ಳಿಗಳಿಗೂ ಒಂದೇ ವೇಳೆಗೆ ನೀರು ನುಗ್ಗಿತು. ಪುರಸಭೆಯ ಎಲ್ಲೆ ಎಲ್ಲಿ ಮುಗಿದು ಪಂಚಾಯತಿಯ ಎಲ್ಲೆ ಎಲ್ಲಿ ಮೊದಲಾಗುವುದೆಂಬುದನ್ನು ಪ್ರವಾಹವು ಲೆಕ್ಕಿಸಲಿಲ್ಲ.

ಮೇಲಣ ವಿವೇಚನೆಯಿಂದ ಹೊರಡುವ ತಾತ್ಪರ್ಯ ಇಷ್ಟು. ಸುಗಂಧವರ್ತಿ ಹನ್ನೆರಡರಲ್ಲಿ ಐಕ್ಯವಿದ್ದಿತು, ಸಮಾನತೆ ಇರಲಿಲ್ಲ. 1884ರ ಅನಂತರ ಪ್ರಾತಿನಿಧ್ಯದ ಆರಂಭವಾಯಿತು, ಐಕ್ಯ ಹೋಯಿತು. ಎರಡನ್ನೂ ಕೂಡಿಸುವ ಸಂಸ್ಥೆಗೆ ಸಾಮಾನ್ಯವಾದ ಬೊಕ್ಕಸವೂ ಕಾಲಕಾಲಕ್ಕೆ ತಪ್ಪದ ಚುನಾವಣೆಯೂ ಅವಶ್ಯವೆಂದು ನಮಗೆ ತೋರುತ್ತದೆ. ನಮ್ಮ ವಿದ್ಯಾರ್ಥಿಗಳು ರಾಜವಂಶಗಳ ಚರಿತ್ರೆಯೊಡನೆ ತಮ್ಮ ತಮ್ಮ ಊರಿನ ಬೋರ್ಡು, ಪುರಸಭೆ, ಮಾರುಕಟ್ಟೆಗಳ ಹಳೆಯ ದಫ್ತರಗಳನ್ನೂ ಶೋಧಿಸಲು ತೊಡಗಿದರೆ ಈ ವಿಷಯದ ಮೇಲೆ ಇನ್ನಷ್ಟು ಬೆಳಕು ಬೀಳುವುದರಲ್ಲಿ ಸಂದೇಹವಿಲ್ಲ.