ಮದ್ದಿನ ಚೀಟಿ, ಲಾಯರ್ ನೋಟಿಸ್

ಆಸ್ಪತ್ರೆ ಮತ್ತು ಲಾಯರ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ಜಗಳ. ಆಪರೇಷನ್ ಕೆಟ್ಟಿತು, ಕೇಸ್ ಹಾಕಿದ್ರು, ಪರಿಹಾರಕ್ಕೆ ವರ್ಷಗಟ್ಟಲೆ ಅಲೆದ್ರು. ಡಾಕ್ಟರುಗಳಿಗಂತೂ ಕರಿ ಕೋಟು ಕಂಡರೆ ಆಗೋದೇ ಇಲ್ಲ. ಅಂಥದ್ದರಲ್ಲಿ 1993ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಒಬ್ಬ ಮಕ್ಕಳ ಡಾಕ್ಟರು ತಾವಾಗಿಯೇ ಲಾಯರನ್ನು ಆಸ್ಪತ್ರೆಯೊಳಗೆ ಕರೆದು ಕೂರಿಸಿಕೊಂಡರು. ಆಸ್ಪತ್ರೆಯನ್ನು ಕಾಪಾಡೋದಕ್ಕಲ್ಲ. ಬಡ ರೋಗಿಗಳ ಪರವಾಗಿ, ಒಂದು ಪೈಸೆ ಫೀಸಿಲ್ಲದೆ ಓಡಾಡೋದಕ್ಕೆ.

ಡಾಕ್ಟರ ಹೆಸರು ಬ್ಯಾರಿ ಝುಕರ್‌ಮನ್. ಬಾಸ್ಟನ್ ಸಿಟಿ ಹಾಸ್ಪಿಟಲ್‌ನಲ್ಲಿ ಮಕ್ಕಳ ವಿಭಾಗದ ಮುಖ್ಯಸ್ಥರು. ಅದು ಊರಿನ ಬಡವರೆಲ್ಲ ಬರುವ ಆಸ್ಪತ್ರೆ, ನಮ್ಮ ವಿಕ್ಟೋರಿಯಾ, ಕೆ.ಸಿ. ಜನರಲ್ ಥರ ಅಂದುಕೊಳ್ಳಿ. ಮದ್ದಿನಾಚೆಗೂ ಯೋಚಿಸುವ ಅಭ್ಯಾಸ ಈ ಮನುಷ್ಯನಿಗೆ ಮೊದಲಿಂದಲೂ ಇತ್ತು. ಚೆಕಪ್‌ಗೆ ಬಂದ ಮಗುವಿನ ಕೈಗೆ ಒಂದು ಕತೆ ಪುಸ್ತಕ ಕೊಟ್ಟು ಕಳಿಸುವ ‘ರೀಚ್ ಔಟ್ ಅಂಡ್ ರೀಡ್’ ಯೋಜನೆಯನ್ನು 1989ರಲ್ಲಿ ಶುರು ಮಾಡಿದವರಲ್ಲಿ ಇವರೂ ಒಬ್ಬರು.

ಅವರನ್ನು ಕಾಡುತ್ತಿದ್ದದ್ದು ಅಸ್ತಮಾ. ಉಸಿರಾಡಲಾರದ ಮಗುವನ್ನು ಎತ್ತಿಕೊಂಡು ತಾಯಿ ಎಮರ್ಜೆನ್ಸಿಗೆ ಓಡಿಬರುತ್ತಾಳೆ. ನೆಬ್ಯುಲೈಸರ್ ಹಾಕ್ತಾರೆ, ಸ್ಟೀರಾಯ್ಡ್ ಕೊಡ್ತಾರೆ, ಎರಡು ದಿನ ಇಟ್ಟುಕೊಂಡು ಇನ್ಹೇಲರ್ ಬರೆದುಕೊಟ್ಟು ಮನೆಗೆ ಕಳಿಸ್ತಾರೆ. ಯಾವ ಮನೆಗೆ? ಗೋಡೆ ತುಂಬ ಬೂಷ್ಟು ಹಿಡಿದ, ಮೇಲಿನ ಪೈಪು ಸೋರುವ, ಜಿರಳೆ ಇಲಿಗಳು ಓಡಾಡುವ ಅದೇ ಬಾಡಿಗೆ ಮನೆಗೆ. ಕೆಲವೇ ವಾರಗಳಲ್ಲಿ ಮಗು ಮತ್ತೆ ವಾರ್ಡಿನಲ್ಲಿ. ಬೂಷ್ಟು, ಜಿರಳೆಯ ಕಸ, ಇಲಿಯ ಉಚ್ಚೆ, ಇವೆಲ್ಲ ಅಸ್ತಮಾ ಕೆರಳಿಸುತ್ತವೆ ಅನ್ನೋದು ಯಾವ ಡಾಕ್ಟರಿಗೂ ಹೊಸ ವಿಷಯವಲ್ಲ. ಆದರೆ ಬೂಷ್ಟಿಗೆ ಮಾತ್ರೆ ಬರೆಯೋದು ಹೇಗೆ? ಡಾಕ್ಟರುಗಳು ಓನರಿಗೆ ಫೋನ್ ಮಾಡಿ ನೋಡಿದ್ರು, ಕಾಗದ ಬರೆದು ನೋಡಿದ್ರು. ಓನರು ಕೇರ್ ಮಾಡಲಿಲ್ಲ. ಹಾಗಾಗಿ ಲಾಯರ್ ಬಂದರು.

ಈ ಕತೆಯಲ್ಲಿ ನನಗೆ ಮುಖ್ಯ ಅನಿಸೋದು ಮುಂದಿನ ಮಾತು. ಲಾಯರು ಬಂದು ಹೊಸ ಕಾನೂನನ್ನೇನೂ ಕಟ್ಟಬೇಕಾಗಿರಲಿಲ್ಲ. ಬಾಡಿಗೆ ಮನೆ ಹೇಗಿರಬೇಕು ಅನ್ನೋದಕ್ಕೆ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆಗಲೇ ನೈರ್ಮಲ್ಯ ಸಂಹಿತೆ ಅಂತ ಒಂದಿತ್ತು. ನೀರು ಸೋರಬಾರದು, ಹುಳ ಹುಪ್ಪಟೆ ಇರಬಾರದು, ಚಳಿಗಾಲದಲ್ಲಿ ಮನೆಯೊಳಗೆ ಹಗಲು 68, ರಾತ್ರಿ 64 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಇರಲೇಬೇಕು ಅಂತ ಅದರಲ್ಲಿ ಬರೆದಿತ್ತು. ಸೆಲ್ಸಿಯಸ್‌ನಲ್ಲಿ ಸುಮಾರು 20 ಮತ್ತು 18. ಕಾಗದದ ಮೇಲೆ ಮಗುವಿಗೆ ಒಣಗಿದ ಬೆಚ್ಚನೆ ಮನೆಯ ಹಕ್ಕಿತ್ತು. ಇಲ್ಲದೇ ಇದ್ದದ್ದು ಆ ಕಾಗದವನ್ನು ಓನರ್ ಮುಂದೆ ಹಿಡಿಯುವ ಒಬ್ಬ ಮನುಷ್ಯ, ಅಷ್ಟೇ.

ಅಮೆರಿಕದಂಥ ದೇಶದಲ್ಲಿ ಅಂಥ ಮನುಷ್ಯ ಯಾಕೆ ಸಿಗಲಿಲ್ಲ? ಇದಕ್ಕೆ 30 ವರ್ಷ ಹಿಂದಕ್ಕೆ ಹೋಗಬೇಕು.

1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗಿಡಿಯನ್ ಪ್ರಕರಣದಲ್ಲಿ ಒಂದು ದೊಡ್ಡ ತೀರ್ಪು ಕೊಟ್ಟಿತು. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ಲಾಯರ್ ಕೊಡಬೇಕು ಅಂತ. ಸಿನಿಮಾಗಳಲ್ಲಿ ಪೊಲೀಸರು ಕೋಳ ಹಾಕುತ್ತಾ ಗಿಣಿಪಾಠದಂತೆ ಒಪ್ಪಿಸುವ ಸಾಲುಗಳಲ್ಲಿ ಈ ಉಚಿತ ಲಾಯರನ ಮಾತೂ ಇರುತ್ತಲ್ಲ, ಅದು ಇಲ್ಲಿಂದ ಬಂದದ್ದು. ಆದರೆ ಆ ಹಕ್ಕು ಕ್ರಿಮಿನಲ್ ಕೇಸಿಗೆ ಮಾತ್ರ. ಮನೆ ಖಾಲಿ ಮಾಡಿಸಿದ್ರು, ಆಹಾರದ ಕೂಪನ್ ನಿಲ್ಲಿಸಿದ್ರು, ಕರೆಂಟ್ ಕಿತ್ತರು ಅಂದರೆ ಅದು ಸಿವಿಲ್ ವಿಷಯ, ಅಲ್ಲಿ ನಿಮ್ಮ ಪಾಡು ನಿಮಗೆ. ಕದ್ದವನಿಗೆ ಲಾಯರ್ ಸಿಗ್ತಾನೆ, ಸೋರುವ ಸೂರಿನ ಕೆಳಗಿರೋ ಮಗುವಿಗೆ ಸಿಗೋದಿಲ್ಲ.

ಆ ಖಾಲಿ ಜಾಗ ತುಂಬೋಕೆ ಒಂದು ಪ್ರಯತ್ನ ಆಗಲೇ ನಡೀತು. 1964ರಲ್ಲಿ ಅಧ್ಯಕ್ಷ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿದರು, ಅದಕ್ಕಾಗಿ ಆರ್ಥಿಕ ಅವಕಾಶಗಳ ಕಚೇರಿ ಅಂತ ಒಂದನ್ನು ತೆರೆದರು. ಅದೇ ವರ್ಷ ಎಡ್ಗರ್ ಕಾನ್ ಮತ್ತು ಜೀನ್ ಕಾನ್ ಅನ್ನೋ ಲಾಯರ್ ದಂಪತಿ (ಆತ ಬಿಳಿಯ, ಆಕೆ ಕಪ್ಪು ಮಹಿಳೆ, ಆ ಕಾಲಕ್ಕೆ ಅದೇ ಒಂದು ಸಾಹಸ) ಯೇಲ್ ಕಾನೂನು ಪತ್ರಿಕೆಯಲ್ಲಿ ಒಂದು ಉದ್ದನೆ ಲೇಖನ ಬರೆದು, ಬಡವರ ಬೀದಿಗಳಲ್ಲೇ ಕಾನೂನು ಕಚೇರಿಗಳಿರಬೇಕು ಅಂತ ವಾದಿಸಿದರು. ಮರುವರ್ಷವೇ ಆ ಕಚೇರಿಯ ದುಡ್ಡಲ್ಲಿ ಉಚಿತ ಸಿವಿಲ್ ಕಾನೂನು ನೆರವು ಶುರುವಾಯಿತು.

ಅದೇ ಕಚೇರಿಯ ಅದೇ ಖಜಾನೆಯಿಂದ ಇನ್ನೊಂದು ಕಡೆಗೂ ಹಣ ಹೋಯಿತು. ಜ್ಯಾಕ್ ಗೀಗರ್ ಎಂಬ ಡಾಕ್ಟರು ವಿದ್ಯಾರ್ಥಿಯಾಗಿದ್ದಾಗ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಹಳ್ಳಿಗಳಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ನಡೆಸುತ್ತಿದ್ದ ಆರೋಗ್ಯ ಕೇಂದ್ರಗಳನ್ನು ನೋಡಿ ಬಂದಿದ್ದರು. 1965ರಲ್ಲಿ ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್‌ನಲ್ಲಿ, ಎರಡು ವರ್ಷದ ನಂತರ ಮಿಸ್ಸಿಸ್ಸಿಪ್ಪಿಯ ಮೌಂಡ್ ಬೇಯೂನಲ್ಲಿ ಗೀಗರ್ ಮತ್ತು ಅವರ ಜೊತೆಗಾರರು ಸಮುದಾಯ ಆರೋಗ್ಯ ಕೇಂದ್ರ ತೆರೆದರು. ಮೌಂಡ್ ಬೇಯೂ 1887ರಲ್ಲಿ, ಗುಲಾಮಗಿರಿಯಿಂದ ಹೊರಬಂದವರು ತಾವೇ ಕಟ್ಟಿಕೊಂಡ ಊರು. ಸುತ್ತಲೂ ಹತ್ತಿ ಹೊಲ, ಹೊಲದಲ್ಲಿ ಯಂತ್ರಗಳು ಬಂದು ಕೂಲಿ ಹೋದ ಜನ, ಹಸಿದ ಮಕ್ಕಳು. ಗೀಗರ್‌ರ ಡಾಕ್ಟರುಗಳು ಚೀಟಿಯಲ್ಲಿ ಹಾಲು, ಮಾಂಸ, ತರಕಾರಿ ಬರೆಯತೊಡಗಿದರು. ಅಂಗಡಿಯವರು ಸಾಮಾನು ಕೊಟ್ಟು ಬಿಲ್ಲನ್ನು ಆರೋಗ್ಯ ಕೇಂದ್ರದ ಔಷಧಿ ಲೆಕ್ಕಕ್ಕೆ ಕಳಿಸಬೇಕು! ವಾಷಿಂಗ್ಟನ್ನಿಂದ ಅಧಿಕಾರಿ ಬಂದು, ಔಷಧಿ ದುಡ್ಡು ಔಷಧಿಗೆ ಮಾತ್ರ ಅಂತ ತಕರಾರು ತೆಗೆದಾಗ ಗೀಗರ್ ಕೊಟ್ಟ ಉತ್ತರ ಈಗ ಅಲ್ಲಿನ ವೈದ್ಯಲೋಕದ ದಂತಕತೆ. ನಾನು ಓದಿದ ಪಠ್ಯಪುಸ್ತಕದಲ್ಲಿ ಅಪೌಷ್ಟಿಕತೆಗೆ ಇರುವ ಮದ್ದು ಆಹಾರವೇ ಅಂದರಂತೆ. ಆ ಕೇಂದ್ರದವರು ಬಾವಿ ತೋಡಿಸಿದರು, ಪಾಯಿಖಾನೆ ಕಟ್ಟಿಸಿದರು, ಕೊನೆಗೆ ಜನರ ಜೊತೆ ಸೇರಿ ಒಂದು ಕೃಷಿ ಸಹಕಾರ ಸಂಘವನ್ನೇ ನಿಲ್ಲಿಸಿದರು.

ಅಂದರೆ ಬಡವರ ಡಾಕ್ಟರು, ಬಡವರ ಲಾಯರು ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಆಮೇಲೆ ಬೇರೆಯಾದರು. ಆರೋಗ್ಯ ಕೇಂದ್ರಗಳು ಹೇಗೋ ಉಳಿದವು. ಮೌಂಡ್ ಬೇಯೂನದ್ದು ಇವತ್ತಿಗೂ ನಡೀತಿದೆ. ಲಾಯರುಗಳ ಹಣೆಬರಹ ಅಷ್ಟು ಚೆನ್ನಾಗಿರಲಿಲ್ಲ. ಕಾರಣ ಸರಳ. ಇನ್ಹೇಲರ್ ಕೊಟ್ಟರೆ ಯಾರಿಗೂ ಸಿಟ್ಟು ಬರೋದಿಲ್ಲ, ನೋಟಿಸ್ ಕೊಟ್ಟರೆ ಬರುತ್ತೆ. ರೇಗನ್ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದಾಗಲೇ ಕೃಷಿ ಕೂಲಿಗಳ ಪರ ಕೇಸ್ ನಡೆಸುತ್ತಿದ್ದ ಕಾನೂನು ನೆರವು ಸಂಸ್ಥೆಯ ಅನುದಾನಕ್ಕೆ ವೀಟೋ ಹಾಕಿದ್ದವರು. ಅಧ್ಯಕ್ಷರಾದ ಮೇಲೆ, 1974ರಲ್ಲಿ ಹುಟ್ಟಿದ್ದ ಕಾನೂನು ಸೇವಾ ನಿಗಮವನ್ನೇ ಮುಚ್ಚಲು ಹೊರಟರು. ಸಂಸತ್ತು ಮುಚ್ಚಗೊಡಲಿಲ್ಲ, ಆದರೆ ಒಂದೇ ವರ್ಷದಲ್ಲಿ ಬಜೆಟ್ 32 ಕೋಟಿ ಡಾಲರಿನಿಂದ 24 ಕೋಟಿಗೆ ಇಳಿಯಿತು. 1996ರಲ್ಲಿ ಇನ್ನೊಂದು ಏಟು. ನಿಗಮದ ದುಡ್ಡು ಪಡೆಯುವವರು ಬಹಳಷ್ಟು ಜನರ ಪರವಾಗಿ ಒಟ್ಟಾಗಿ ದಾವೆ ಹೂಡುವಂತೆಯೇ ಇಲ್ಲ ಅಂತಾಯಿತು. ಬಾಸ್ಟನ್ನಿನ ತಾಯಿಗೆ ಲಾಯರ್ ಸಿಗದೇ ಹೋದದ್ದು ಹೀಗೆ.

ಮತ್ತೆ ಝುಕರ್‌ಮನ್‌ರ ಆಸ್ಪತ್ರೆಗೆ ಬರೋಣ. ಅಲ್ಲಿ ಅಸ್ತಮಾ ಒಂದೇ ಅಲ್ಲ, ತೂಕವೂ ಸಮಸ್ಯೆಯಾಗಿತ್ತು. ಎಮರ್ಜೆನ್ಸಿಗೆ ಬಂದ ಪುಟ್ಟ ಮಕ್ಕಳ ತೂಕ ಅಳೆದು ನೋಡಿದಾಗ, ಅತಿ ಚಳಿಯ ತಿಂಗಳುಗಳು ಮುಗಿದ ಮೇಲಿನ ಮೂರು ತಿಂಗಳಲ್ಲಿ ತೀರಾ ಕಡಿಮೆ ತೂಕದ ಮಕ್ಕಳು ಹೆಚ್ಚು ಕಂಡರು. 1996ರಲ್ಲಿ ಇದು ಪ್ರಕಟವೂ ಆಯಿತು. ಮನೆ ಬೆಚ್ಚಗಿಡೋ ಬಿಲ್ಲು ಕಟ್ಟಿದರೆ ಊಟಕ್ಕಿಲ್ಲ, ಊಟ ಹಾಕಿದರೆ ಬಿಲ್ಲಿಗಿಲ್ಲ. ಗ್ಯಾಸ್, ಕರೆಂಟ್ ಕಂಪನಿಗಳಿಗೂ ಅಲ್ಲೊಂದು ನಿಯಮವಿತ್ತು: ತೀವ್ರ ಕಾಯಿಲೆಯವರಿರುವ ಬಡವರ ಮನೆಯ ಸಂಪರ್ಕ ಕೀಳುವಂತಿಲ್ಲ, ಡಾಕ್ಟರ ಪತ್ರ ಇದ್ದರೆ ಸಾಕು. ಆ ಪತ್ರದಲ್ಲಿ ಏನಿರಬೇಕು ಅನ್ನೋದು ಲಾಯರಿಗೆ ಗೊತ್ತು, ಬರೆಯುವ ಅಧಿಕಾರ ಡಾಕ್ಟರದು. ಇಬ್ಬರೂ ಒಂದೇ ಕಾರಿಡಾರಿನಲ್ಲಿದ್ದರೆ ಪತ್ರ ಅವತ್ತೇ ಹೋಗುತ್ತೆ. ಸಿಕಲ್ ಸೆಲ್ ರೋಗದ ಮಗುವಿಗೆ ಚಳಿ ತಾಗಿದರೆ ಮೈಯೆಲ್ಲ ತಡೆಯಲಾರದ ನೋವು ಕೆರಳಬಹುದು. ಅಂಥ ಮನೆಯಲ್ಲಿ ಆ ಪತ್ರಕ್ಕಿಂತ ದೊಡ್ಡ ಔಷಧಿ ಯಾವುದು?

ಜೊತೆ ಸಂಸಾರ ಸುಸೂತ್ರವೇನಲ್ಲ. ‘ನಿಮಗೆ ಕಾನೂನಿನ ತೊಂದರೆ ಇದೆಯಾ’ ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತಾರೆ. ಬೂಷ್ಟು ಕಾನೂನಿನ ವಿಷಯ ಅಂತ ಯಾರಿಗೆ ಹೊಳೆಯುತ್ತೆ? ಹಾಗಾಗಿ ಡಾಕ್ಟರುಗಳಿಗೆ ಕೇಳೋದನ್ನೇ ಕಲಿಸಬೇಕಾಯಿತು: ಸಂಬಳ ಬರ್ತಿದೆಯಾ, ಮನೆ ಹೇಗಿದೆ, ಸ್ಕೂಲಲ್ಲಿ ಏನಂತಾರೆ, ವೀಸಾ ಕಾಗದ ಸರಿ ಇದೆಯಾ, ಮನೆಯಲ್ಲಿ ಹೊಡೀತಾರಾ. ಗುಟ್ಟಿನದ್ದು ಇನ್ನೊಂದು ತೊಡಕು. ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ ಡಾಕ್ಟರು ಸರ್ಕಾರಕ್ಕೆ ವರದಿ ಮಾಡಲೇಬೇಕು. ಲಾಯರಿಗೋ, ಕಕ್ಷಿದಾರ ಹೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳೋದೇ ಧರ್ಮ. ಒಂದೇ ರೋಗಿ, ಎರಡು ಕಟ್ಟುಪಾಡು.

ಆದರೂ ಪದ್ಧತಿ ಹಬ್ಬಿತು. 2006ರಲ್ಲಿ ಇದಕ್ಕೊಂದು ರಾಷ್ಟ್ರೀಯ ಕೇಂದ್ರ ಬಂತು, 2007ರಲ್ಲಿ ಅಮೆರಿಕದ ವಕೀಲರ ಸಂಘ ಬೆಂಬಲದ ನಿರ್ಣಯ ಮಾಡಿತು. ಓಹಾಯೋದ ಸಿನ್ಸಿನಾಟಿಯಲ್ಲಿ ಒಂದು ಬೇಸಿಗೆಯಲ್ಲಿ ಮಕ್ಕಳ ಡಾಕ್ಟರುಗಳಿಗೆ ಒಂದೇ ಥರದ ದೂರು ಮತ್ತೆ ಮತ್ತೆ ಬಂತು: ಸೆಕೆ ತಡೆಯಲಾಗದು, ಕಿಟಕಿಗೆ ಏಸಿ ಕೂರಿಸೋಕೆ ಓನರ್ ಬಿಡ್ತಿಲ್ಲ. ಲಾಯರುಗಳು ವಿಳಾಸಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಹೊರ ಊರಿನ ಒಬ್ಬನೇ ಡೆವಲಪರ್, ಅವನಿಗೆ 19 ವಸತಿ ಸಮುಚ್ಚಯ! ಡಾಕ್ಟರಿಗೆ ಬಿಡಿಬಿಡಿ ರೋಗಿಗಳಾಗಿ ಕಂಡಿದ್ದವರು ಅವರಿಗೆ ಒಂದೇ ಕೇಸಾಗಿ ಕಂಡರು. ಬಾಡಿಗೆದಾರರ ಸಂಘ ಕಟ್ಟಿಸಿದರು, ರಿಪೇರಿ ಮಾಡಿಸಿದರು. 1854ರಲ್ಲಿ ಜಾನ್ ಸ್ನೋ ಕಾಲರಾ ಸಾವುಗಳನ್ನು ಲಂಡನ್ನಿನ ನಕ್ಷೆಯ ಮೇಲೆ ಗುರುತು ಮಾಡಿದ್ದು ನೆನಪಾಗುತ್ತೆ ನನಗೆ.

ಇದರಿಂದ ಆರೋಗ್ಯ ನಿಜಕ್ಕೂ ಸುಧಾರಿಸಿತಾ, ಇಲ್ಲಾ ಬರೀ ಮನಸ್ಸಿಗೆ ಸಮಾಧಾನವಾ? ನ್ಯಾಯವಾದ ಪ್ರಶ್ನೆ. ಬಾಸ್ಟನ್ನಿನಲ್ಲಿ ಹಸುಗೂಸುಗಳಿರುವ 330 ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಕಾನೂನು ನೆರವಿನ ಬೆನ್ನಿರುವ ಕುಟುಂಬ ಸಹಾಯಕರನ್ನು ಕೊಟ್ಟು ನೋಡಿದರು. ಆ ಗುಂಪಿನ ಮಕ್ಕಳು ಲಸಿಕೆಗೆ ಹೆಚ್ಚು ಸಮಯಕ್ಕೆ ಸರಿಯಾಗಿ ಬಂದರು, ಎಮರ್ಜೆನ್ಸಿಗೆ ಬಂದದ್ದು ಕಡಿಮೆ. 2022ರಲ್ಲಿ ಸಿನ್ಸಿನಾಟಿಯ ಲೆಕ್ಕ ಹೊರಬಂತು. ಲಾಯರ ಬಳಿ ಕಳಿಸಿದ ಮಕ್ಕಳು ಮುಂದಿನ ಒಂದು ವರ್ಷದಲ್ಲಿ ಆಸ್ಪತ್ರೆಗೆ ದಾಖಲಾದದ್ದು, ಅಂಥದೇ ಬೇರೆ ಮಕ್ಕಳಿಗಿಂತ ಶೇ. 38ರಷ್ಟು ಕಮ್ಮಿ. ಇಷ್ಟು ಫಲ ಕೊಡುವ ಹೊಸ ಮಾತ್ರೆ ಬಂದಿದ್ದರೆ ಅದರ ಕಂಪನಿಯ ಷೇರು ಎಲ್ಲಿಗೆ ಹೋಗ್ತಿತ್ತು ಅಂತ ನೀವೇ ಊಹಿಸಿ.

ನಮ್ಮ ಕಡೆ ಬಂದರೆ, ಕಾನೂನು ಅಮೆರಿಕಕ್ಕಿಂತ ಮುಂದಿದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವಿನ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತೆ. ಅದರ ಮೇಲೆ ಬಂದ 1987ರ ಕಾಯ್ದೆ ಸಿವಿಲ್, ಕ್ರಿಮಿನಲ್ ಅಂತ ಭೇದ ಮಾಡೋದಿಲ್ಲ. ಅದರ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಅರ್ಹರು. ಹೌದು, ವೈಟ್‌ಫೀಲ್ಡಿನ ಟೀಮ್ ಲೀಡ್ ಮೇಡಂ ಕೂಡ! ಸಹಾಯವಾಣಿ ನಂಬರ್ 15100, ನಿಮ್ಮ ಮನೆಗೆಲಸದವರಿಗೆ ಬರೆದುಕೊಡಿ.

1992ರಲ್ಲಿ ಬಂಗಾಳದ ಒಬ್ಬ ಕೃಷಿ ಕೂಲಿ ರೈಲಿನಿಂದ ಬಿದ್ದು ತಲೆಗೆ ಏಟಾದಾಗ, ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಅಂತ ಸಾಗಹಾಕಿದವು. ಕೂಲಿಗಳ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ಚಿಕಿತ್ಸೆ ಜೀವಿಸುವ ಹಕ್ಕಿನ ಭಾಗ ಅಂತ 1996ರಲ್ಲಿ ಹೇಳಿದ ಕೋರ್ಟು, ದುಡ್ಡಿಲ್ಲ ಅನ್ನೋ ನೆಪ ನಡೆಯೋದಿಲ್ಲ ಅನ್ನೋದಕ್ಕೆ ಆಧಾರವಾಗಿ ಹಿಡಿದದ್ದು ಹಳೆಯ ಕಾನೂನು ನೆರವಿನ ತೀರ್ಪನ್ನು. ಬಡ ಆರೋಪಿಗೆ ಲಾಯರ್ ಕೊಡಲು ಸರ್ಕಾರ ದುಡ್ಡಿನ ನೆಪ ಹೇಳುವಂತಿಲ್ಲವಾದರೆ, ರೋಗಿಗೂ ಹಾಗೇ ಅಂತ.

2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ 27ನೇ ಕಲಂ ಪ್ರಕಾರ ರೋಗಿಗೆ ಉಚಿತ ಕಾನೂನು ಸೇವೆಯ ಹಕ್ಕಿದೆ. ಅದನ್ನು ಅವರಿಗೆ ತಿಳಿಸೋದು ಮ್ಯಾಜಿಸ್ಟ್ರೇಟ್, ಪೊಲೀಸರ ಜೊತೆಗೆ ಆಸ್ಪತ್ರೆಯ ಹೊಣೆ ಹೊತ್ತ ಡಾಕ್ಟರ ಕರ್ತವ್ಯ ಕೂಡ. ಪಕ್ಕದ ಕಟ್ಟಡದ ಮಕ್ಕಳ ವಾರ್ಡಿನಲ್ಲಿ ಅಸ್ತಮಾಕ್ಕೆ ಚೀಟಿ ಬರೆಯುತ್ತಿರುವ ಡಾಕ್ಟರಿಗೆ ಆ ಕಲಂ ಅನ್ವಯಿಸೋದಿಲ್ಲ.